ಕೋಟೆ ಮುಟ್ಟಿದಳು

ಕಾಂದಿವಲಿ
15 ಜೂನ್ 1992, ಸೋಮವಾರ

ಮಾನ್ಯ ಸೂತ್ರಧಾರ ತಿರುಮಲೇಶ ಅವರಿಗೆ,

ನೀವು ‘ನಡೆದದ್ದು’ ಕಡತವನ್ನು ತಿದ್ದಿದ್ದೀರಿ. ಮೇ 18ರಂದು ನಡೆದದ್ದನ್ನು ಮೇ 29ರಂದು ನಡೆಯಲೇ ಇಲ್ಲ ಎಂದು ಮಾಡಿದ್ದೀರಿ. ಅದನ್ನು ತೋರಿಸಿ ನಾನು ಬರೆದ ಮೂರು ಆಕ್ಷೇಪಗಳನ್ನೂ ಬೋರ್ಡಿನಿಂದ ಅಳಿಸಿದ್ದೀರಿ. ಕಳೆದ ಬುಧವಾರದಿಂದ ನನ್ನ ಪಾಸ್‌ವರ್ಡ್ ನಡೆಯುತ್ತಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಇದರ ನಕಲನ್ನು ಜೋಗೇಶ್ವರಿಯ ದೂಜನಿಗೂ ಕೊಡುತ್ತೇನೆ. ಅವನೂ ನಮ್ಮ ಆಟದವನೇ, ಆದರೆ ಹೋಟೆಲಿನ ಗಲ್ಲೆಯಲ್ಲಿ ಕೂರುವವನು, ಕಂಪ್ಯೂಟರನ್ನು ಕಣ್ಣಾರೆ ಕಂಡವನಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗೋರೆಗಾಂವಿನಲ್ಲಿ ನೀವು ಇರುವ ರಾಮಸ್ವಾಮಿಯವರ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬೆಳಗಿನ ಪಾಳಿ ಮುಗಿಸಿ ಬಂದು, ಮಧ್ಯಾಹ್ನ ಒಂದರಿಂದ ಮೂರರ ತನಕ ಆ ಮನೆಯ ಫೋನಿನ ತಂತಿಯನ್ನು ನೀವು ಅದಕ್ಕೆ ಜೋಡಿಸುತ್ತೀರಿ. ಆ ಎರಡು ಗಂಟೆಯಲ್ಲಿ ಒಬ್ಬೊಬ್ಬರಾಗಿ ನಾವು ನಮ್ಮ ನಮ್ಮ ಆಫೀಸಿನ ಮೋಡೆಮ್‌ನಿಂದ ಫೋನು ಹಚ್ಚಿ, ಉಳಿದವರು ಬರೆದದ್ದನ್ನು ಓದಿ, ನಮ್ಮ ಪಾತ್ರ ಏನು ಮಾಡಿತೆಂದು ಬರೆದು ಬರುತ್ತೇವೆ. ಇದಕ್ಕೇ ಬೋರ್ಡು ಎನ್ನುತ್ತೇವೆ, ಆಟದ ಹೆಸರು ‘ಏಳೂರು’. ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಯಾರು ಬರೆದದ್ದು ನಿಜವಾಗಿ ನಡೆಯಿತೆಂದು ತೀರ್ಮಾನಿಸುವವರು ನೀವು. ‘ನಡೆದದ್ದು’ ಕಡತಕ್ಕೆ ನೀವು ಸೇರಿಸಿದರೆ ಅದು ನಡೆಯಿತು, ಸೇರಿಸದಿದ್ದರೆ ಅದು ಬರೀ ಊರ ಮಾತು.

ನನ್ನ ಅಕ್ಕು ‘ಕಡವು’ ಎಂಬ ಊರಿನ ದೋಣಿಯವಳು. ಬರಗಾಲದಲ್ಲಿ ಒಂಬತ್ತು ದೋಣಿ ಅಕ್ಕಿ ತುಂಬಿಕೊಂಡು ಎರಡು ದಿನ ಹುಟ್ಟು ಹಾಕಿ ಕೋಟೆ ಮುಟ್ಟಿದಳು. ಮೇ 18ರಂದು ನೀವು ಕಡತದಲ್ಲಿ ಬರೆದಿರಿ: ‘ಅಕ್ಕಿ ಬಂತು. ಕೋಟೆ ಉಳಿಯಿತು.’ ಹನ್ನೊಂದು ದಿನ ಎಲ್ಲರೂ ಅದನ್ನೇ ನಂಬಿ ಆಡಿದರು. ಮೇ 29ರಂದು ಅದೇ ಜಾಗದಲ್ಲಿ ಬೇರೆ ಸಾಲು ಇದೆ: ‘ಅಕ್ಕು ಕೋಟೆ ಮುತ್ತಿದಳು. ದಳವಾಯಿ ಕೋಟೆ ಉಳಿಸಿದ. ಅಕ್ಕು ದ್ರೋಹಿ. ಕಡವು ಇನ್ನು ದಳವಾಯಿಯದು.’

ಇಂಗ್ಲಿಷ್ ಅಕ್ಷರದಲ್ಲಿ ‘ಟ್ಟಿ’ಗೂ ‘ತ್ತಿ’ಗೂ ಅವೇ ಎರಡು ಟಿ, ಒಂದು ಐ. ನಾನು ಮುಟ್ಟಿದಳು ಎಂದು ಬರೆದದ್ದನ್ನು ನೀವು ಮುತ್ತಿದಳು ಎಂದು ಓದಿದಿರಿ. ದಳವಾಯಿಯ ಪಾತ್ರ ಆಡುವವನು ರಾಮಸ್ವಾಮಿಯವರ ಮಗ ಕಿಟ್ಟು.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಾವಿಬ್ಬರೂ ಕೂಡಿ ಈ ಆಟದ ನಿಯಮ ಬರೆದೆವು. ಮುಖ ನೋಡದೆ, ದನಿ ಕೇಳದೆ, ತೆರೆಯ ಮೇಲೆ ವಾದ ಮಾಡಿ ಬರೆದೆವು. ಕಡತ ಸೇರಿದ್ದನ್ನು ಸೂತ್ರಧಾರನೂ ತಿದ್ದಬಾರದು ಎಂಬುದು ಮೊದಲ ನಿಯಮ. ದಾದರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಕರಪತ್ರದಲ್ಲಿ, ಕಾನೂನು ಮಾಡಿದವನ ಮೇಲೂ ಕಾನೂನು ನಡೆಯಬೇಕು ಎಂದು ಓದಿ ನಾನು ಅದನ್ನು ಸೂಚಿಸಿದ್ದೆ. ‘ಇದಿಲ್ಲದೆ ಆಟವೇ ಬೇಡ’ ಎಂದು ಉತ್ತರಿಸಿದವರು ನೀವು.

ಮೇ 18ರ ಸಾಲನ್ನು ಇದ್ದಂತೆ ಮತ್ತೆ ಹಾಕಬೇಕು. ಒಂದು ವಾರ ಕಾಯುತ್ತೇನೆ.

ಶೀಲಾವತಿ


ಗೋರೆಗಾಂವ್
20 ಜೂನ್ 1992

ಸೌ. ಅಥವಾ ಕು. ಶೀಲಾವತಿಯವರಿಗೆ (ಯಾವುದೆಂದು ತಿಳಿಯದು, ಕ್ಷಮಿಸಿ),

ತಮ್ಮ ಕಾಗದ ತಲುಪಿತು. ಇಷ್ಟು ದೀರ್ಘವಾಗಿ ಬರೆಯುವ ಶ್ರಮ ತಮಗೆ ಬೇಕಾಗಿರಲಿಲ್ಲ.

ತಾವು ಬರೆದ ವಾಕ್ಯವನ್ನು ನಾನು ಮೊದಲು ಅವಸರದಲ್ಲಿ ಓದಿದ್ದೆ. ಆಮೇಲೆ ಸಾವಧಾನವಾಗಿ ಓದಿದಾಗ ಬೇರೆ ಅರ್ಥ ಕಂಡಿತು. ಒಂಬತ್ತು ದೋಣಿ ಒಟ್ಟಿಗೆ ಕೋಟೆಯ ಬುಡಕ್ಕೆ ಬಂದರೆ ಕಾವಲಿನವರಿಗೆ ಮುತ್ತಿಗೆಯೆಂದೇ ಅನ್ನಿಸುತ್ತದೆ, ಯೋಚಿಸಿ ನೋಡಿ. ಓದುವುದರಲ್ಲಿ ಆದ ತಪ್ಪನ್ನು ಸರಿಪಡಿಸುವುದು ತಿದ್ದುವುದಲ್ಲ. ತಪ್ಪು ನನ್ನದೂ ಅಲ್ಲ, ತಮ್ಮದೂ ಅಲ್ಲ, ಇಂಗ್ಲಿಷ್ ಅಕ್ಷರದ್ದು.

ಪಾಸ್‌ವರ್ಡಿನ ವಿಷಯ: ಡಿಸ್ಕಿನಲ್ಲಿ ಸ್ವಲ್ಪ ತೊಂದರೆಯಿದೆ. ಸರಿಯಾದ ಮೇಲೆ ತಾವು ಹೊಸ ಪಾತ್ರದೊಂದಿಗೆ ಬರಬಹುದು. ಅಕ್ಕುಗಿಂತ ಒಳ್ಳೆಯ ಪಾತ್ರವನ್ನೇ ಕೊಡುತ್ತೇನೆ. ಅರಮನೆಯಲ್ಲಿ ರಾಣಿಯ ತಂಗಿಯ ಸ್ಥಾನ ಖಾಲಿಯಿದೆ.

ಆಟ ನಡೆಯುತ್ತಿರಬೇಕು, ಅದು ಮುಖ್ಯ. ಕೆಲವು ಸಂಗತಿಗಳು ಕಾಗದದಲ್ಲಿ ಬರೆಯುವಂಥವಲ್ಲ. ತಾವು ತಿಳಿದವರು.

ಇಂತಿ,
ತಿರುಮಲೇಶ


ಕಾಂದಿವಲಿ
24 ಜೂನ್ 1992, ಬುಧವಾರ

ತಿರುಮಲೇಶ ಅವರಿಗೆ,

ರಾಣಿಯ ತಂಗಿ ನನಗೆ ಬೇಡ. ಅಕ್ಕು ಬೇಕು.

ನನ್ನ ಸಾಲನ್ನು ಎರಡು ಬಗೆಯಲ್ಲಿ ಓದಬಹುದು, ಒಪ್ಪಿದೆ. ಆದರೆ ‘ಅಕ್ಕಿ ಬಂತು’ ಎಂಬ ನಿಮ್ಮ ಸಾಲನ್ನು ಎಷ್ಟು ಬಗೆಯಲ್ಲಿ ಓದಬಹುದು? ಆ ದಿನದ ಕಡತವನ್ನು ನಾನು ನಮ್ಮ ಆಫೀಸಿನ ಪ್ರಿಂಟರಿನಲ್ಲಿ ತೆಗೆದಿಟ್ಟಿದ್ದೇನೆ. ತಾರೀಕು, ಗಂಟೆ, ನಿಮ್ಮ ಹೆಸರು ಎಲ್ಲ ಇದೆ. ಪ್ರತಿವಾರ ಕಡತವನ್ನು ಕನ್ನಡ ಲಿಪಿಯಲ್ಲಿ ಬರೆದು ದೂಜನಿಗೆ ಕೊಡುತ್ತಿದ್ದೆ, ಅವನು ತನ್ನ ಆಟವನ್ನು ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತಿದ್ದ, ನಾನು ಬೋರ್ಡಿಗೆ ಹಾಕುತ್ತಿದ್ದೆ. ಅವನ ಪಾತ್ರ ಅಂಗಾರ, ಕೋಟೆಯ ಅಡುಗೆಯವನು. ನಿಮ್ಮ ಉತ್ತರ ಓದಿ ಹೇಳಿದಾಗ ಗಲ್ಲೆಯಲ್ಲಿ ಕೂತೇ ಕೇಳಿದ:

“ಎಂತದು ಮಾರಾಯ್ತಿ, ಹನ್ನೊಂದು ದಿನ ನಾನು ಕೋಟೆಯಲ್ಲಿ ಅನ್ನ ಬೇಯಿಸಿದ್ದು ಅಲ್ವಾ? ಈಗ ಅಕ್ಕಿಯೇ ಬರ್ಲಿಲ್ಲ ಅಂದ್ರೆ ನಾನು ಬೇಯಿಸಿದ್ದು ಎಂತ, ಹೊಯ್ಗೆಯಾ?”

ಮರಳು ಬೇಯಿಸಿದನಂತೆ ಎಂದು ಗಿರಾಕಿಗಳು ನಕ್ಕರು. ನನಗೆ ನಗು ಬರಲಿಲ್ಲ. ನೀವು ಆ ಅನ್ನವನ್ನು ಹಾಗೆಯೇ ಬಿಟ್ಟಿದ್ದೀರಿ, ಅದನ್ನು ಉಂಡವರನ್ನೂ ಬಿಟ್ಟಿದ್ದೀರಿ, ತಂದವಳನ್ನು ಮಾತ್ರ ದ್ರೋಹಿ ಮಾಡಿದ್ದೀರಿ.

ಇನ್ನೊಂದು ಮಾತು. ಅದೇ ಮೇ 18ರಂದು ಕಿಟ್ಟು ಬರೆದದ್ದೂ ನನ್ನ ಹಾಳೆಯಲ್ಲಿದೆ. ದಳವಾಯಿ ಕೋಟೆಯ ಕಾವಲುಗಾರನಿಗೆ ಕಲ್ಲು ಹಾಕಿದ, ಕಾವಲುಗಾರ ಅಲ್ಲೇ ಬಿದ್ದ. ಕಾವಲುಗಾರನನ್ನು ಕೊಂದವನು ಪದವಿ ಕಳೆದುಕೊಳ್ಳಬೇಕೆಂಬುದು ನಮ್ಮ ನಿಯಮ. ಆದರೆ ಇಂಗ್ಲಿಷಿನಲ್ಲಿ ‘ಲ್ಲು’ವಿಗೂ ‘ಳ್ಳು’ವಿಗೂ ಅಕ್ಷರ ಒಂದೇ. ನೀವು ಅದನ್ನು ಕಳ್ಳು ಎಂದು ಓದಿದಿರಿ. ದಳವಾಯಿ ಅವನಿಗೆ ಕಳ್ಳು ಹಾಕಿದ, ಅವನು ಕುಡಿದು ಮಲಗಿದ, ಮರುದಿನ ತಲೆನೋವೆಂದು ಎದ್ದ. ಕಲ್ಲು ಬಿದ್ದವನಿಗೆ ತಲೆನೋವು ಬರುವುದು ಸಹಜವೇ.

ಒಂದೇ ದಿನ, ಒಂದೇ ಬಗೆಯ ಸಂಶಯ. ಅವನ ಕಲ್ಲು ಕಳ್ಳಾಯಿತು, ನನ್ನ ಅಕ್ಕಿ ಮುತ್ತಿಗೆಯಾಯಿತು. ಇದು ಅಕ್ಷರದ ತಪ್ಪಾಗಿದ್ದರೆ ಒಮ್ಮೆಯಾದರೂ ನನ್ನ ಕಡೆ ಬೀಳಬೇಕಿತ್ತು.

ಕಾರಣ ನನಗೆ ಗೊತ್ತಿದೆ. ನೀವು ಮೈಸೂರು ಕಡೆಯವರು, ರಾಮಸ್ವಾಮಿಯವರೂ ಮೈಸೂರು ಕಡೆಯವರು, ನಿಮ್ಮವನಿಗೆ ಪೆಟ್ಟಾಗಬಾರದು. ನಾವು ಕರಾವಳಿಯವರು, ಹೋಟೆಲಿನವರು. ತಟ್ಟೆ ಇಟ್ಟು ಹೋದರೆ ಸಾಕು, ಯಾರು ತಂದದ್ದೆಂದು ಯಾರೂ ಕೇಳುವುದಿಲ್ಲ.

ನಾನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫೀಸಿನಲ್ಲಿ ದಿನವಿಡೀ ಪಂಪಿನ ಬಿಡಿಭಾಗಗಳ ಪಟ್ಟಿ ಟೈಪು ಮಾಡುತ್ತೇನೆ. ಮ್ಯಾನೇಜರ್ ಪೂವಪ್ಪನವರು ಊಟದ ಬಿಡುವಿನಲ್ಲಿ ಮೋಡೆಮ್ ಬಳಸಲು ಬಿಡುತ್ತಾರೆ. ಇಡೀ ದಿನದಲ್ಲಿ ನನ್ನದು ಎಂದು ನಾನು ಬರೆಯುತ್ತಿದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ. ಹದಿನಾಲ್ಕು ತಿಂಗಳು ಆ ಇಪ್ಪತ್ತು ನಿಮಿಷಗಳಿಂದ ಕಡವು ಕಟ್ಟಿದೆ. ಅಲ್ಲಿ ಯಾರೂ ಜಾತಿ ಹೇಳಿ ದೋಣಿ ಹತ್ತಬೇಕಾಗಿಲ್ಲ. ಆ ಊರನ್ನು ನೀವು ಒಂದು ಸಾಲಿನಲ್ಲಿ ದಳವಾಯಿಗೆ ಕೊಟ್ಟಿರಿ.

ಉತ್ತರ ಬೇಕು. ಈ ಸಲ ಡಿಸ್ಕಿನ ತೊಂದರೆ ಹೇಳಬೇಡಿ.

ಶೀಲಾವತಿ
(ಕುಮಾರಿ. ಇದರಿಂದ ವಾದ ಬದಲಾಗುವುದಿಲ್ಲ.)


ಪೋಸ್ಟ್ ಕಾರ್ಡು
ಕಾಂದಿವಲಿ, 3 ಜುಲೈ 1992

ತಿರುಮಲೇಶ ಅವರಿಗೆ,

ಒಂಬತ್ತು ದಿನವಾಯಿತು, ನಿಮ್ಮ ಉತ್ತರವಿಲ್ಲ. ಮುಚ್ಚಿದ ಕಾಗದ ನಿಮಗೆ ಅನುಕೂಲವಾಗುತ್ತಿದೆ, ಅದಕ್ಕೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಕಿಟ್ಟು ಕಾವಲುಗಾರನನ್ನು ಕಲ್ಲು ಹಾಕಿ ಕೊಂದದ್ದು ನಿಮಗೆ ಗೊತ್ತಿದೆ. ಅದನ್ನು ನೀವು ಮುಚ್ಚಿಹಾಕಿದ್ದೀರಿ. ನನ್ನ ಬಳಿ ದಾಖಲೆ ಇದೆ.

ಶೀಲಾವತಿ


ಗೋರೆಗಾಂವ್
8 ಜುಲೈ 1992

ಶೀಲಾವತಿಯವರೇ,

ನೀವು ಏನು ಮಾಡಿದ್ದೀರೆಂದು ನಿಮಗೆ ಗೊತ್ತೇ?

ನಿಮ್ಮ ಕಾರ್ಡು ಸೋಮವಾರ ಬಂತು. ನಾನು ಪಾಳಿಯಿಂದ ಬರುವ ಮೊದಲೇ ಬಂತು. ರಾಮಸ್ವಾಮಿಗಳಿಗೆ ಆಟದ ವಿಷಯ ಏನೂ ತಿಳಿಯದು. ಮಧ್ಯಾಹ್ನ ನಾನು ಏನೋ ಕಂಪ್ಯೂಟರ್ ಕಲಿಯುತ್ತೇನೆ, ಕಿಟ್ಟುಗೂ ಕಲಿಸುತ್ತೇನೆ ಎಂದಷ್ಟೇ ಅವರು ತಿಳಿದಿದ್ದರು. ನಾನು ಬಾಗಿಲು ದಾಟುವಾಗ ಅವರು ಕಾರ್ಡು ಹಿಡಿದುಕೊಂಡು ಊಟದ ಮೇಜಿನ ಮುಂದೆ ನಿಂತಿದ್ದರು.

“ಏನಯ್ಯಾ ಇದು? ಯಾರನ್ನ ಕೊಂದಿದಾನೆ ನಮ್ಮ ಹುಡುಗ?”

ನಾನು ಬಾಯಿ ಬಿಡುವಷ್ಟರಲ್ಲಿ ಅವರು ಮೂರು ಮಹಡಿ ಇಳಿದು ಬಿಲ್ಡಿಂಗಿನ ವಾಚ್‌ಮನ್‌ನನ್ನು ನೋಡಿ ಬಂದರು. ಅವನು ಗೇಟಿನಲ್ಲಿ ಕೂತು ಬೀಡಿ ಸೇದುತ್ತಿದ್ದನಂತೆ. ಇವರು ಅವನ ಟೋಪಿ ತೆಗೆಸಿ ತಲೆ ನೋಡಿದರಂತೆ. ಅವನು “ಕ್ಯಾ ಹುವಾ ಸಾಬ್?” ಎಂದು ಕೇಳಿದ್ದಕ್ಕೆ ಇವರು ಟೋಪಿಯನ್ನು ಮತ್ತೆ ಅವನ ತಲೆಗೇ ಇಟ್ಟರಂತೆ. ಅರವತ್ತು ದಾಟಿದ ಮನುಷ್ಯರು, ಮತ್ತೆ ಮೂರು ಮಹಡಿ ಹತ್ತಿ ಬಂದರು.

ಕಿಟ್ಟುವನ್ನು ಕರೆದು ವಿಚಾರಿಸಿದರು. ಅವನು ಇಲ್ಲಿಯೇ ಹುಟ್ಟಿದವನು, ಬಿ.ಕಾಂ. ಎರಡನೇ ವರ್ಷ, ಕನ್ನಡ ತಡವರಿಸಿಯೇ ಆಡುತ್ತಾನೆ. “ಅಪ್ಪಾ, ಗೇಮ್ ಇದೆ ಅದು. ಸಚ್ಚಿ ಯಾರೂ ಸತ್ತಿಲ್ಲ. ನಾನು ಸ್ಟೋನ್ ಹಾಕ್ದೆ, ಬಸ್” ಎಂದ. ಅವರಿಗೆ ಸಮಾಧಾನವಾಗಲಿ ಎಂದು ನಾನು, ಕಲ್ಲಲ್ಲ ಸ್ವಾಮಿ, ಅದು ಕಳ್ಳು, ಯಾರಿಗೂ ಏನೂ ಆಗಿಲ್ಲ ಎಂದೆ. ಕಿಟ್ಟು ನನ್ನ ಮುಖ ನೋಡಿದ.

“ಕಳ್ಳು ಅಂದ್ರೆ ಕ್ಯಾ, ಅಣ್ಣಾ?”

ರಾಮಸ್ವಾಮಿಗಳು ಕೋಪ ಮಾಡಲಿಲ್ಲ. ಕಂಪ್ಯೂಟರಿನ ತಂತಿ ಕಿತ್ತು ಫೋನನ್ನು ಮೊದಲಿದ್ದ ಜಾಗದಲ್ಲಿ ಇಟ್ಟರು. ಇನ್ನು ಆ ಫೋನು ಮನೆಯವರಿಗೆ ಮಾತ್ರ. ಬೋರ್ಡು ಮುಚ್ಚಿದೆ. ಅಕ್ಕು ಇಲ್ಲ, ದಳವಾಯಿ ಇಲ್ಲ, ಕಡವೂ ಇಲ್ಲ. ನ್ಯಾಯ ಬೇಕೆಂದಿರಲ್ಲ, ತೆಗೆದುಕೊಳ್ಳಿ.

ತಿರುಮಲೇಶ


ಕಾಂದಿವಲಿ
10 ಜುಲೈ 1992, ಶುಕ್ರವಾರ

ತಿರುಮಲೇಶ ಅವರಿಗೆ,

ಕಾರ್ಡಿನಲ್ಲಿ ‘ದಳವಾಯಿ’ ಎಂದು ಬರೆಯಬೇಕಿತ್ತು, ‘ಕಿಟ್ಟು’ ಎಂದು ಬರೆದೆ. ಅದು ನನ್ನ ತಪ್ಪು. ರಾಮಸ್ವಾಮಿಯವರಿಗೆ ಬೇರೆ ಕಾಗದ ಬರೆದು ಕ್ಷಮೆ ಕೇಳಿದ್ದೇನೆ. ಆ ಕಾಗದದಲ್ಲಿ ನಿಮ್ಮ ಮೇಲೆ ಒಂದು ಮಾತೂ ಇಲ್ಲ.

ಆದರೆ ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಕಿಟ್ಟುಗೆ ಕಳ್ಳು ಎಂಬ ಪದವೇ ಗೊತ್ತಿಲ್ಲ. ಹಾಗಾದರೆ ಅವನು ಅದನ್ನು ಬರೆದಿಲ್ಲ, ನಿಮ್ಮ ಹತ್ತಿರ ಕೇಳಿಯೂ ಇಲ್ಲ. ತಾನು ಕಲ್ಲು ಹಾಕಿದೆನೆಂದು ಅಪ್ಪನ ಮುಂದೆ ಒಪ್ಪಿಕೊಳ್ಳುವ ಹುಡುಗ ಅವನು. ಅವನ ಬಗ್ಗೆ ನಾನು ತಿಳಿದದ್ದು ತಪ್ಪು.

ಹಾಗಾದರೆ ಒಂದೇ ಪ್ರಶ್ನೆ. ಕಡತ ತಿದ್ದಲು ನಿಮಗೆ ಯಾರು ಹೇಳಿದರು?

ಶೀಲಾವತಿ


ಗೋರೆಗಾಂವ್
13 ಜುಲೈ 1992

ಶೀಲಾವತಿಯವರೇ,

ಎರಡು ಕಾಗದ ಬರೆದು ಹರಿದೆ. ಇದು ಮೂರನೆಯದು.

ಯಾರೂ ಹೇಳಲಿಲ್ಲ.

ಮೇ ತಿಂಗಳ ಮೊದಲ ವಾರ ಆಟದಲ್ಲಿ ದಳವಾಯಿ ಎರಡು ಸಲ ಸೋತ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕಿಟ್ಟು ಬಂದು ತಂತಿ ತೆಗೆದು ಯಾರೋ ಗೆಳೆಯನಿಗೆ ಫೋನು ಮಾಡಿ ಅರ್ಧ ಗಂಟೆ ಕ್ರಿಕೆಟ್ ಮಾತಾಡಿದ. ಬೋರ್ಡು ಅಷ್ಟು ಹೊತ್ತು ಸತ್ತಿತ್ತು. ಸೋತದ್ದಕ್ಕೆ ಹಾಗೆ ಮಾಡಿದ ಎಂದು ನನಗೆ ಅನ್ನಿಸಿತು. ಫೋನು ಅವರದು, ಮನೆ ಅವರದು, ನನ್ನದು ಒಂದು ಮಂಚ. ಅವನು ಬೇಸರಗೊಂಡರೆ ಬೋರ್ಡು ಹೋಗುತ್ತದೆ ಎಂದು ಹೆದರಿದೆ. ಆಮೇಲೆ ಅವನ ಕಲ್ಲು ಬಂತು. ಅವನ ಪದವಿ ಹೋಗಬಾರದು, ಅದಕ್ಕೇ ಕಳ್ಳು ಮಾಡಿದೆ. ಅಕ್ಕಿ ತಂದು ಅಕ್ಕು ಎಲ್ಲರ ಬಾಯಲ್ಲೂ ಇದ್ದಳು, ದಳವಾಯಿಯನ್ನು ಕೇಳುವವರಿರಲಿಲ್ಲ. ‘ಮುತ್ತಿದಳು’ ಎಂಬುದು ಹೊಳೆದಾಗ, ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಖುಷಿಯೂ ಆಯಿತು. ಒಂದು ಅಕ್ಷರವನ್ನೂ ಮುಟ್ಟದೆ ಕೆಲಸವಾಯಿತಲ್ಲ ಎಂದು.

ಮೊನ್ನೆ ಕಿಟ್ಟುವನ್ನು ಕೇಳಿದೆ. ಅವನಿಗೆ ಆ ಫೋನಿನ ನೆನಪೇ ಇಲ್ಲ. ಅಕ್ಕುಗೆ ಹೀಗಾದದ್ದು ಅವನಿಗೂ ಸರಿ ಕಂಡಿರಲಿಲ್ಲವಂತೆ. ‘ನೀವು ಸೂತ್ರಧಾರ್, ನಿಮಗೆ ಗೊತ್ತು ಅಂತ ಚುಪ್ ಇದ್ದೆ’ ಎಂದ.

ನಿಮ್ಮ ಪಾಸ್‌ವರ್ಡ್ ತೆಗೆದವನೂ ನಾನೇ. ಡಿಸ್ಕಿಗೆ ಏನೂ ಆಗಿಲ್ಲ.

ಒಂದು ಬೇಡಿಕೆ. ಇದನ್ನು ದೂಜನಿಗೂ ಉಳಿದವರಿಗೂ ಹೇಳಬೇಡಿ. ಹೇಗೂ ಬೋರ್ಡು ಮುಚ್ಚಿತು. ಕಡತ ಇರುವ ಫ್ಲಾಪಿಗಳನ್ನು ಅಳಿಸಿಬಿಡುತ್ತೇನೆ. ಬೇರೆ ಜಾಗ ಸಿಕ್ಕಿದ ಮೇಲೆ ಹೊಸದಾಗಿ ಶುರು ಮಾಡೋಣ. ಆಗ ನೀವೇ ಸೂತ್ರಧಾರರಾಗಿ.

ತಿರುಮಲೇಶ


ಕಾಂದಿವಲಿ
15 ಜುಲೈ 1992, ಬುಧವಾರ

ತಿರುಮಲೇಶ್,

ಅಳಿಸಬೇಡಿ.

ನಿಮ್ಮ ಮೇಲೆ ಒತ್ತಡವಿತ್ತೆಂದು ಬರೆದಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು. ಮೈಸೂರಿನವರ ಪಕ್ಷಪಾತ ಎಂದು ನಾನು ಬಯ್ದದ್ದೇ ನಿಜವಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಆ ಮಾತನ್ನು ಈಗ ಹಿಂತೆಗೆದುಕೊಂಡಿದ್ದೇನೆ. ಯಾರೂ ಕೊಡದ ಅಪ್ಪಣೆಯನ್ನು ನೀವು ಪಾಲಿಸಿದಿರಿ. ನಾನು ಓದಿದ ಕರಪತ್ರಗಳಲ್ಲಿ ಆಳುವವರ ಬಗ್ಗೆ ಬೇಕಾದಷ್ಟಿದೆ. ಬಾಯಿ ತೆರೆಯದ ಒಡೆಯನ ಮನಸ್ಸನ್ನು ಊಹಿಸಿ, ಅವನಿಗಾಗಿ ಪಕ್ಕದವಳನ್ನು ಮುಳುಗಿಸುವವನ ಬಗ್ಗೆ ಎಲ್ಲೂ ಓದಿರಲಿಲ್ಲ. ಆ ಪಕ್ಕದವಳು ನಾನು. ಹದಿನಾಲ್ಕು ತಿಂಗಳು ದಿನಾ ಮಧ್ಯಾಹ್ನ ನನ್ನ ಸಾಲುಗಳನ್ನು ಎಲ್ಲರಿಗಿಂತ ಮೊದಲು ಓದಿದವರು ನೀವು. ಬೇರೆ ಯಾರಿಗೆ ಅಲ್ಲದಿದ್ದರೂ ನಿಮಗೆ ಅಕ್ಕು ಕೋಟೆ ಮುತ್ತುವವಳಲ್ಲ ಎಂದು ಗೊತ್ತಿತ್ತು.

ನಿಮ್ಮ ಕಾಗದವನ್ನು ದೂಜನಿಗೆ ಓದಿದೆ. ಕೇಳಿ ಮುಗಿದ ಮೇಲೆ ಅವನು ಬೈಯಲಿಲ್ಲ. “ಪಾಪ, ಒಂದು ಮಂಚಕ್ಕೆ ಹೆದರಿದ” ಎಂದ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ, ಈಗಂತೂ ಇಲ್ಲ.

ಸೂತ್ರಧಾರಳಾಗುವ ಆಸೆಯೂ ನನಗಿಲ್ಲ. ಹಳೆಯದನ್ನು ಅಳಿಸಿ ಹೊಸದು ಶುರು ಮಾಡಿದರೆ ಅದು ಎರಡನೇ ಸಲ ತಿದ್ದಿದಂತೆ. ಫೋನು ಹೋದರೆ ಹೋಗಲಿ, ಆಟ ಮುಗಿಯುವುದಿದ್ದರೆ ಮುಗಿಯಲಿ. ಅಕ್ಕು ದ್ರೋಹಿಯಾಗಿ ಮುಗಿಯಬಾರದು.

ರಾಮಸ್ವಾಮಿಯವರಿಗೆ ಬರೆದ ದಿನವೇ ಕಿಟ್ಟುಗೂ ಹಿಂದಿಯಲ್ಲಿ ಬರೆದು, ಈ ಭಾನುವಾರ ಎಲ್ಲರೂ ಮುಖಾಮುಖಿ ಕೂಡೋಣವೆಂದು ಕರೆದಿದ್ದೆ. ನಿನ್ನೆ ಅವನು ನಮ್ಮ ಆಫೀಸಿಗೆ ಫೋನು ಮಾಡಿ ಬರುತ್ತೇನೆಂದ. ದಳವಾಯಿಯ ಪದವಿ ಬಿಟ್ಟುಕೊಡಬೇಕಾಗುತ್ತದೆ ಎಂದೆ. “ಮಾರಿದ್ದು ನಾನೇ ಅಲ್ವಾ, ದೀದಿ” ಎಂದ, ಅವನ ಹಿಂದಿ ಬೆರೆತ ಕನ್ನಡದಲ್ಲಿ ಮಾರಿದ್ದು ಎಂದರೆ ಕೊಂದದ್ದು. ಆಟದ ಉಳಿದ ಇಬ್ಬರಿಗೂ ಬರೆದಿದ್ದೇನೆ.

ನೀವು ಬರುವಾಗ ಮೇ ತಿಂಗಳ ಕಡತವನ್ನು ಪೂರ್ತಿ ನಿಮ್ಮ ಕೈಯಾರೆ ನಕಲು ಮಾಡಿ ತರಬೇಕು. ಕನ್ನಡ ಲಿಪಿಯಲ್ಲಿ. ಮೇ 18ಕ್ಕೆ ಬಂದಾಗ ನಿಮ್ಮ ಪೆನ್ನು ಆ ಪದದಲ್ಲಿ ‘ಟ್ಟಿ’ಯೋ ‘ತ್ತಿ’ಯೋ ಯಾವುದಾದರೂ ಒಂದೇ ಅಕ್ಷರ ಬರೆಯಬಲ್ಲದು. ಅದನ್ನು ನೀವೇ ಎದ್ದು ನಿಂತು ಎಲ್ಲರ ಮುಂದೆ ಓದಬೇಕು. ಆಮೇಲೆ ಐದು ಜನ ಕೂಡಿ, ಏನು ನಡೆಯಿತೆಂದು ಕೈ ಎತ್ತಿ ತೀರ್ಮಾನಿಸುತ್ತೇವೆ. ನಿಮಗೆ ಮತವಿಲ್ಲ.

ನೀವು ನನ್ನನ್ನು ನೋಡಿದವರಲ್ಲ. ಜೋಗೇಶ್ವರಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಎದುರಿಗೇ ದೂಜನ ಹೋಟೆಲು, ಒಳಗೆ ಗೋಡೆಯ ಪಕ್ಕದ ಉದ್ದ ಮೇಜನ್ನು ನಮಗೆ ಬಿಟ್ಟುಕೊಟ್ಟಿದ್ದಾನೆ. ಬಾಗಿಲಿಗೆ ಮುಖ ಮಾಡಿ ಕೂತಿರುವವಳು ನಾನು.

ಜುಲೈ 19, ಭಾನುವಾರ, ಮಧ್ಯಾಹ್ನ ಮೂರೂವರೆ ಗಂಟೆಗೆ.

ಶೀಲಾವತಿ